ಇನ್ನಾಸಿ ಸುತ್ತಿದ ಸುರುಳಿ ಬನ್ನು

ಮೂರು ತಲೆ, ಒಂದೂವರೆ ಬುದ್ಧಿ, ಒಂದೇ ಒಲೆ. ಏನು, ಹೇಳಿ?

ಯೋಚಿಸಿ. ಇನ್ನೂ ಯೋಚಿಸಿ. ತಲೆ ಕೆರೆದುಕೊಳ್ಳಿ, ಪರವಾಗಿಲ್ಲ. ಆಗಲಿಲ್ಲವಾ? ಆಗುವುದೂ ಇಲ್ಲ! ನಮ್ಮ ಶಿಲುಬೆಪಾಳ್ಯದ ಲೂರ್ದಮ್ಮನ ಮನೆ ನೋಡದವರಿಗೆ ಈ ಒಗಟು ಜನ್ಮದಲ್ಲಿ ಬಿಡಿಸಕ್ಕಾಗಲ್ಲ. ಆ ಮನೆಯಲ್ಲಿ ತಲೆ ಮೂರು. ಲೂರ್ದಮ್ಮನದು ಒಂದು, ಅವಳ ಮೇಕೆಯದು ಒಂದು, ಅವಳ ಮಗ ಇನ್ನಾಸಿಯದು ಒಂದು. ಲೂರ್ದಮ್ಮನಿಗೆ ಬುದ್ಧಿ ಒಂದು. ಮೇಕೆಗೆ ಅರ್ಧ. ಲೆಕ್ಕ ಮುಗಿಯಿತು.

ಉಳಿದ ತಲೆಯ ಕತೆ ಈಗ ಕೇಳಿ.

ಇನ್ನಾಸಿ ಕೆಟ್ಟವನಲ್ಲ, ಸೋಮಾರಿಯೂ ಅಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ತೊಂದರೆ! "ಅಂಗಡಿಗೆ ಬೇಗ ಹೋಗಿ ಬಾ" ಅಂದರೆ ಓಡಿ ಹೋಗಿ ಓಡಿ ಬರುತ್ತಿದ್ದ, ಏನು ತರಬೇಕು ಅಂತ ಕೇಳುತ್ತಲೇ ಇರಲಿಲ್ಲ. "ಬಾಗಿಲು ನೋಡ್ಕೋ" ಅಂದರೆ ಬಾಗಿಲನ್ನೇ ನೋಡುತ್ತಾ ಕೂರುತ್ತಿದ್ದ, ಹಿಂದೆ ಮೇಕೆ ಕಿಟಕಿಯಿಂದ ಹಾರಿ ರಾಗಿ ಮುಕ್ಕುತ್ತಿದ್ದರೂ. ಆಮೇಲೆ ಎದೆಯುಬ್ಬಿಸಿ "ಅವ್ವಾ, ನೀ ಹೇಳ್ದಂಗೇ ಮಾಡಿದೀನಿ!" ಅನ್ನುತ್ತಿದ್ದ. ಲೂರ್ದಮ್ಮ ಹಣೆ ಚಚ್ಚಿಕೊಂಡು "ಅಯ್ಯೋ ನನ್ ಪೆದ್ದೇ!" ಅನ್ನುತ್ತಿದ್ದಳು.

ನಮ್ಮ ಪಾಳ್ಯದಲ್ಲಿ ಕ್ರಿಸ್ಮಸ್ ಬೆಳಗ್ಗೆ ಚರ್ಚಿನಲ್ಲಿ ಪೂಜೆ ಮುಗಿಸಿದವರೆಲ್ಲ ಒಂದೇ ಮನೆಯ ಅಂಗಳದಲ್ಲಿ ಸಾಲಾಗಿ ಕೂತು ತಿಂಡಿ ತಿನ್ನುವುದು ವಾಡಿಕೆ. ತಿಂಡಿ ಅಂದರೆ ಸುರುಳಿ ಬನ್ನು. ಹಿಟ್ಟು ಲಟ್ಟಿಸಿ, ಚಕ್ಕೆ ಏಲಕ್ಕಿ ಬೆಲ್ಲ ಉದುರಿಸಿ, ಸುತ್ತಿ, ಕುಯ್ದು, ಭಟ್ಟಿಯಲ್ಲಿ ಬೇಯಿಸಿದ್ದು. ಆ ಚುಮುಚುಮು ಚಳಿಯಲ್ಲಿ ಬಿಸಿ ಬನ್ನು ಮುರಿದರೆ ಘಮಲು ಬೀದಿ ತುದಿಯವರೆಗೆ ಹೋಗುತ್ತೆ. ಎಷ್ಟೋ ವರ್ಷದಿಂದ ಇದನ್ನು ಮಾಡುತ್ತಿದ್ದವಳು ಎದುರುಮನೆ ಮಗ್ದಲಮ್ಮ. "ನನ್ ಕೈ ಬಿಟ್ರೆ ಇನ್ಯಾರ ಕೈಗೂ ಇದು ಬಗ್ಗಲ್ಲ" ಅಂತ ಅವಳ ಜಂಬ.

ಆ ವರ್ಷ ಕೊಳಾಯಿ ಹತ್ತಿರ ಮಗ್ದಲಮ್ಮ ಅಂದೇಬಿಟ್ಟಳು: "ಲೂರ್ದಮ್ಮಾ, ಈ ಸಲ ನಿನ್ ಮಗನ್ನ ಕಳ್ಸು ಕಣೆ. ಸೌದೆ ಹೊರಕ್ಕಾದ್ರೂ ಆಯ್ತಾನೆ. ಬನ್ನು ಮಾತ್ರ ಮುಟ್ಟೋದು ಬ್ಯಾಡ!"

ಕೊಳಾಯಿ ಸುತ್ತ ಇದ್ದವರೆಲ್ಲ ಕಿಸಕ್ಕೆಂದು ನಕ್ಕರು. ಹೆತ್ತ ಹೊಟ್ಟೆ ತಡೆಯುತ್ತಾ? ಲೂರ್ದಮ್ಮ ಕೊಡವನ್ನು ನೆಲಕ್ಕೆ ಕುಕ್ಕಿದಳು.

"ಸೌದೆ ನೀನು ಹೊರು! ಈ ಸಲ ಹಬ್ಬದ ಬನ್ನು ನಮ್ಮನೇದು. ಮಾಡೋದು ನಾನಲ್ಲ, ನನ್ ಮಗ! ಹಿಟ್ಟಿಗೆ ನನ್ ಬೆರಳೂ ತಾಗಲ್ಲ!"

"ಕೆಟ್ರೆ?"

"ಕೆಟ್ರೆ ಬದುಕಿರೋ ತನಕ ಪ್ರತಿ ಹಬ್ಬದಾಗೂ ನಿನ್ ಅಂಗಳಕ್ಕೆ ಬಂದು ಎಂಜಲೆಲೆ ಎತ್ತೀನಿ!"

ಅಂದದ್ದೇನೋ ಅಂದಳು. ಮನೆಗೆ ಬಂದ ಮೇಲೆ ಹರಕೆಯ ಮೇಲೆ ಹರಕೆ ಹೊತ್ತಳು. ಇನ್ನಾಸಿಗೆ ಮಾತ್ರ ಚಿಂತೆಯೇ ಇಲ್ಲ. ಅಷ್ಟು ಜನರ ಮುಂದೆ ಅವ್ವ "ನನ್ ಮಗ" ಅಂದಳಲ್ಲ! ಆವತ್ತೆಲ್ಲ ಅವನು ಬೀದಿಯಲ್ಲಿ ಹುಂಜದ ಹಾಗೆ ಕತ್ತೆತ್ತಿಕೊಂಡು ಓಡಾಡಿದ.

ಹಬ್ಬದ ಹಿಂದಿನ ದಿನ ಬಂತು. ಲೂರ್ದಮ್ಮ ಚಕ್ಕೆ, ಏಲಕ್ಕಿ ಬಟ್ಟಲಿಗೆ ಹಾಕಿ ಮಗನ ಕೈಗಿಟ್ಟಳು.

"ಮಗಾ, ಇದನ್ನ ಅರೆ. ನಾನು ಸೌದೆ ತತ್ತೀನಿ."

ಅರೆ! ಅರೆ ಅಂದರೆ ಅರ್ಧ. ಅಷ್ಟೂ ಗೊತ್ತಿಲ್ಲವಾ ಇನ್ನಾಸಿಗೆ? ಕಾಲು, ಅರೆ, ಮುಕ್ಕಾಲು ಅಂತ ಮೇಷ್ಟ್ರು ಕಿವಿ ಹಿಂಡಿ ಹೇಳಿಕೊಟ್ಟಿದ್ದರು. ಇವನು ಏಲಕ್ಕಿಯನ್ನು ಒಂದೊಂದೇ ಎತ್ತಿಟ್ಟು ಸಮಸಮ ಎರಡು ಗುಡ್ಡೆ ಮಾಡಿದ. ಚಕ್ಕೆಯನ್ನು ಹಲ್ಲಲ್ಲಿ ಕಚ್ಚಿ ಸಮಸಮ ತುಂಡು ಮಾಡಿದ. ಒಂದು ಗುಡ್ಡೆ ಬಟ್ಟಲಲ್ಲಿ ಉಳಿಸಿದ. ಇನ್ನೊಂದನ್ನು ಏನು ಮಾಡೋದು? ಎದುರುಮನೆಗೆ ಕೊಟ್ಟುಬಂದ!

"ಇನ್ನರ್ಧ ಎಲ್ಲೋ?" ಅಂದಳು ಲೂರ್ದಮ್ಮ.

"ಮಗ್ದಲಮ್ಮತ್ತೆಗೆ ಕೊಟ್ಟೆ. ಬಾಳ ಖುಷಿಯಾದ್ರು. ಅರೆ ಅಂದ್ಯಲ್ಲವ್ವಾ, ನೀ ಹೇಳ್ದಂಗೇ ಮಾಡಿದೀನಿ!"

"ಅಯ್ಯೋ ನನ್ ಪೆದ್ದೇ! ಅರೆ ಅಂದ್ರೆ ಒರಳಿಗೆ ಹಾಕಿ ತಿರುವೋದು ಕಣ್ಲಾ! ಇನ್ಮೇಲೆ ಕೈಗೆ ಏನ್ ಕೊಟ್ರೂ ಒರಳಿಗೆ ಹಾಕು, ನುಣ್ಣಗಾಗೋ ತನಕ ತಿರುವು, ಒಂದು ಚೂರೂ ಬಿಡಬ್ಯಾಡ! ತಿಳೀತಾ?"

"ತಿಳೀತವ್ವ!"

ತಿಳಿಯಿತು ಅಂದಮೇಲೆ ತಿಳಿಯಿತು. ಉಳಿದ ಮಸಾಲೆಯನ್ನು ಗಂಧದ ಹಾಗೆ ನುಣ್ಣಗೆ ಅರೆದಿಟ್ಟ. ಲೂರ್ದಮ್ಮನಿಗೆ ಜೀವ ಬಂದ ಹಾಗಾಯಿತು. ಅಕ್ಕಪಕ್ಕದಿಂದ ಬೇಡಿ ತಂದ ಮೊಟ್ಟೆಯ ಬುಟ್ಟಿಯನ್ನು "ಇದನ್ನ ಹಿಡ್ಕೋ ಮಗಾ" ಅಂತ ಅವನ ಕೈಗೆ ಕೊಟ್ಟು, ಹಾಲು ತರಲು ಹೋದಳು.

ಕೈಗೆ ಏನು ಕೊಟ್ಟರೂ ಎಲ್ಲಿಗೆ? ಒರಳಿಗೆ!

ಕರಕರ ಕರಕರ! ಸಿಪ್ಪೆ ಸಮೇತ, ಒಂದು ಚೂರೂ ಬಿಡದೆ. ಲೂರ್ದಮ್ಮ ಬರುವ ಹೊತ್ತಿಗೆ ಒರಳಿನ ಸುತ್ತ ಹಳದಿ ಕೆರೆ. ಇನ್ನಾಸಿ ಮೂಗಿನ ತುದಿಯಲ್ಲೂ ಹಳದಿ.

"ನುಣ್ಣಗಾಗ್ತಾನೇ ಇಲ್ಲ ಕಣವ್ವಾ! ಸಿಪ್ಪೆ ಬಾಳ ಗಟ್ಟಿ. ಆದ್ರೂ ನಾನು ಬಿಟ್ಟಿಲ್ಲ!"

"ಅಯ್ಯೋ ನನ್ ಪೆದ್ದೇ! ಯಾರಾದ್ರೂ ಮೊಟ್ಟೆ ಅರೀತಾರೇನೋ? ಒರಳಿನ ತಂಟೆಗೆ ಇನ್ನೊಂದ್ಸಲ ಹೋಗಿ ನೋಡು, ನಿನ್ನೇ ಹಾಕಿ ತಿರುವ್ತೀನಿ!"

ಮೊಟ್ಟೆ ಹೋಯಿತು. ಹಾಲಿನಲ್ಲೇ ಹಿಟ್ಟು ಕಲಸುವುದು ಅಂತಾಯಿತು. ಇಲ್ಲಿ ಒಂದು ಮಾತು ಹೇಳಲೇಬೇಕು. ಹಿಟ್ಟು ನಾದುವುದರಲ್ಲಿ ಇನ್ನಾಸಿಯನ್ನು ಮೀರಿಸುವವರು ಪಾಳ್ಯದಲ್ಲೇ ಇಲ್ಲ. ಅವ್ವ ದೂರ ನಿಂತು "ಗುದ್ದು!" ಅಂದರೆ ಗುದ್ದಿದ. "ಮಡಿಚು!" ಅಂದರೆ ಮಡಿಚಿದ. "ಇನ್ನೂ!" ಅಂದರೆ ಇನ್ನೂ. "ಸಾಕು" ಅನ್ನುವುದನ್ನು ಅವಳು ಮರೆತು ಒಲೆ ಕಡೆ ಹೋದಳು, ಇವನು ನಾದಿದ, ನಾದಿದ, ನಾದುತ್ತಲೇ ಇದ್ದ. ಹಿಟ್ಟು ಮಗುವಿನ ಕೆನ್ನೆ ಹಾಗೆ ಮೆತ್ತಗಾಯಿತು. ಮುಚ್ಚಿಟ್ಟರೆ ದುಪ್ಪಟ್ಟು ಉಬ್ಬಿತು. ಲೂರ್ದಮ್ಮ ಬಗ್ಗಿ ನೋಡಿದಳು, ಮುಟ್ಟಲಿಲ್ಲ, ಕಣ್ಣು ಒರೆಸಿಕೊಂಡಳು.

"ಮಗಾ, ಚೆನ್ನಾಗೈತೆ ಕಣ್ಲಾ! ಈಗ ತಟ್ಟೆಗೆ ತುಪ್ಪ ಹಚ್ಚು. ನೆಟ್ಟಗೆ ಹಚ್ಚು!"

ತುಪ್ಪ ಹಚ್ಚು! ದೀಪ ಹಚ್ಚುವುದು ಗೊತ್ತು, ಊದುಬತ್ತಿ ಹಚ್ಚುವುದು ಗೊತ್ತು, ತುಪ್ಪ ಹಚ್ಚುವುದರಲ್ಲಿ ಏನು ಮಹಾ? ಇನ್ನಾಸಿ ತಟ್ಟೆಗೆ ತುಪ್ಪ ಸುರಿದ. ಹಳೇ ಲುಂಗಿಯ ಅಂಚು ಹರಿದು ಬತ್ತಿ ಹೊಸೆದ. ಕಡ್ಡಿ ಗೀರಿದ. ನೆಟ್ಟಗೆ ಅಂದಿದ್ದಾಳೆ ಅಂತ ಬತ್ತಿಯನ್ನು ನೆಟ್ಟಗೆ ನಿಲ್ಲಿಸಿದ. ಹಬ್ಬದ ತುಪ್ಪವಲ್ಲವಾ, ಮೊಣಕಾಲೂರಿ ಶಿಲುಬೆ ಗುರುತನ್ನೂ ಹಾಕಿಕೊಂಡ.

ಲೂರ್ದಮ್ಮ ಒಳಗೆ ಬಂದರೆ ತಟ್ಟೆ ಭಗಭಗ ಉರಿಯುತ್ತಿದೆ!

"ಅವ್ವಾ, ನೀನೂ ಮೊಣಕಾಲೂರು! ನೀ ಹೇಳ್ದಂಗೇ ಹಚ್ಚಿದೀನಿ!"

"ಅಯ್ಯೋ ನನ್ ಪೆದ್ದೇ! ಹಚ್ಚು ಅಂದ್ರೆ ಸವರು ಅಂತ ಕಣ್ಲಾ! ಮನೆ ಹತ್ಕಂಡಿದ್ರೆ? ಇನ್ಮೇಲೆ ಎಲ್ಲಿ ಬೆಂಕಿ ಕಂಡ್ರೂ ಒಂದು ಬಿಂದಿಗೆ ನೀರು ಹುಯ್ಯಿ! ಯೋಚ್ನೆ ಮಾಡ್ಬ್ಯಾಡ, ಹುಯ್ಯಿ!"

ಸಂಜೆ ಲೂರ್ದಮ್ಮ ಹಿತ್ತಲಿನ ಭಟ್ಟಿಗೆ ಉರಿ ಹಾಕಿದಳು. ಬೆಳಗ್ಗೆಗೆ ಇಟ್ಟಿಗೆ ಕಾದಿರಬೇಕಲ್ಲ. ಇನ್ನಾಸಿ ಹಿತ್ತಲಿಗೆ ಬಂದ, ಬೆಂಕಿ ಕಂಡ, ಯೋಚನೆ ಮಾಡಲಿಲ್ಲ.

ಚುಂಯ್!

ಆಮೇಲೆ ಅವಳು ಬೈದದ್ದನ್ನು ನಾನಿಲ್ಲಿ ಬರೆಯುವುದಿಲ್ಲ, ಹಬ್ಬದ ಕತೆ. ಕೊನೆಗೆ ಒದ್ದೆ ಸೌದೆ ಎಳೆದು ಹಾಕಿ, ಒಣ ಸೌದೆ ತುಂಬಿ ಮತ್ತೆ ಉರಿ ಹೊತ್ತಿಸುವಷ್ಟರಲ್ಲಿ ಅವಳಿಗೆ ಸಾಕಾಗಿ ಹೋಯಿತು. "ಭಟ್ಟಿ ಕಡೆ ತಲೆ ಹಾಕ್ಬ್ಯಾಡ. ಒಳಕ್ಕೆ ಹೋಗು. ಹಿಟ್ಟು ಲಟ್ಟಿಸಿ ಹಲಗೆ ಮ್ಯಾಲೆ ಹಾಕು. ಬೆಲ್ಲ ಮಸಾಲೆ ಉದುರಿಸು. ಆಮೇಲೆ ಸುತ್ತು. ಬಿಗಿಯಾಗಿ ಸುತ್ತು!"

ಲಟ್ಟಿಸಿದ. ಉದುರಿಸಿದ. ಬಿಗಿಯಾಗಿ ಅಂದಿದ್ದಾಳೆ ಅಂತ ಲುಂಗಿಯನ್ನು ಬಿಗಿಯಾಗಿ ಕಟ್ಟಿದ. ಆಮೇಲೆ ಸುತ್ತಿದ. ಹಲಗೆಯ ಸುತ್ತ! ಸುತ್ತಿದ, ಸುತ್ತಿದ, ತಲೆ ತಿರುಗಿದರೂ ಸುತ್ತಿದ. ಹಿಂದೆಯೇ ಮೇಕೆಯೂ ಬಂತು. ಇವನು ಆ ಕಡೆ ತಿರುಗಿದಾಗ ಅದು ಈ ಕಡೆ ಒಂದು ಬಾಯಿ, ಇವನು ಈ ಕಡೆ ಬಂದಾಗ ಅದು ಆ ಕಡೆ ಒಂದು ಬಾಯಿ. ಅರ್ಧ ಬುದ್ಧಿಗೆ ಅಷ್ಟು ಸಾಲದಾ?

"ಅಯ್ಯೋ ನನ್ ಪೆದ್ದೇ! ಚಾಪೆ ಸುತ್ತಲ್ವೇನೋ, ಹಂಗೆ ಸುತ್ತೋದು!" ಲೂರ್ದಮ್ಮ ಹಿಟ್ಟು ಮುಟ್ಟುವ ಹಾಗಿಲ್ಲ, ಮೂಲೆಯ ಚಾಪೆ ಹಾಸಿ ಸುತ್ತಿ ತೋರಿಸಿದಳು. ಇನ್ನಾಸಿ ಅದೇ ಥರ ಹಿಟ್ಟು ಸುತ್ತಿದ. ಕುಯ್ದು ತಟ್ಟೆಯಲ್ಲಿ ಜೋಡಿಸಿದ. ಅಚ್ಚುಕಟ್ಟಾದ ಸುರುಳಿ! ಮೇಕೆ ಕಚ್ಚಿದ ಅಂಚನ್ನು ಮೇಕೆಗೇ ಹಾಕಿದರು.

ಬೆಳಗಾಯಿತು. ಪೂಜೆಗೆ ಹೊರಟ ಲೂರ್ದಮ್ಮ ಹೊಸ್ತಿಲಲ್ಲಿ ನಿಂತು ಬೇಡಿಕೊಂಡಳು. "ನನ್ನಪ್ಪಾ, ಮೇಕೆ ಮತ್ತೆ ಬತ್ತದೆ. ಬನ್ನುಗಳನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋ. ಚರ್ಚಿನ ಮೊದಲ್ನೇ ಗಂಟೆ ಹೊಡೆದಾಗ ಭಟ್ಟಿಗಿಡು. ಎರಡ್ನೇ ಗಂಟೆ ಹೊಡೆದಾಗ ತೆಗಿ. ನನ್ ಮಾನ ನಿನ್ ಕೈಲೈತೆ."

ಇನ್ನಾಸಿ ಅವ್ವನ ಮಾನ ಇದೆಯಾ ಅಂತ ಕೈ ತಿರುಗಿಸಿ ನೋಡಿಕೊಂಡ. ಹಿಟ್ಟು ಮಾತ್ರ ಇತ್ತು. ಸರಿ, ಕಣ್ಣಲ್ಲಿ ಕಣ್ಣಿಡಲು ಬಗ್ಗಿದ. ಅಲ್ಲೇ ಸಿಕ್ಕಿಹಾಕಿಕೊಂಡ! ತನಗೆ ಕಣ್ಣಿದೆ, ಬನ್ನಿಗೆಲ್ಲಿದೆ ಕಣ್ಣು? ಕಣ್ಣಿಲ್ಲದ್ದರ ಕಣ್ಣಲ್ಲಿ ಕಣ್ಣಿಡುವುದು ಹೇಗೆ? ಪಾಪ, ಅಳು ಬರುವ ಹಾಗಾಯಿತು. ಆಗ ಡಬ್ಬಿಯಲ್ಲಿದ್ದ ಒಣದ್ರಾಕ್ಷಿ ಕಂಡಿತು. ಒಂದೊಂದು ಬನ್ನಿಗೂ ಎರಡೆರಡು ದ್ರಾಕ್ಷಿ ಒತ್ತಿದ. ಬನ್ನುಗಳೆಲ್ಲ ಇವನನ್ನು ನೋಡಿದವು. ಇವನು ಸಾಲಾಗಿ ಒಂದೊಂದನ್ನೂ ನೋಡಿದ, ರೆಪ್ಪೆ ಬಡಿಯದೆ. ಕಿಟಕಿಯಿಂದ ಇಣುಕಿದ ಮೇಕೆ ಅಷ್ಟೊಂದು ಕಣ್ಣು ನೋಡಿ ಹೆದರಿ "ಮ್ಯಾಂ" ಅಂತ ಓಡಿಹೋಯಿತು.

ಗಂಟೆ ಹೊಡೆಯಿತು, ಇಟ್ಟ. ಗಂಟೆ ಹೊಡೆಯಿತು, ತೆಗೆದ. ಒಂದು ಕ್ಷಣ ಹಿಂದಿಲ್ಲ, ಒಂದು ಕ್ಷಣ ಮುಂದಿಲ್ಲ. ಯಾವ ಬುದ್ಧಿವಂತ ಹಾಗೆ ತೆಗೆದಾನು, ಹೇಳಿ?

ಪೂಜೆ ಬಿಟ್ಟಿತು. ಎಲ್ಲರಿಗಿಂತ ಮೊದಲು ಮಗ್ದಲಮ್ಮ ಬಂದಳು, ನಗುವುದಕ್ಕೆ. ಹಿಂದೆ ಲೂರ್ದಮ್ಮ, ಎದೆ ಹಿಡಿದುಕೊಂಡು.

ಬುಟ್ಟಿ ತುಂಬ ಹೊಂಬಣ್ಣದ ಬನ್ನು. ಬೆಲ್ಲ ಕರಗಿ ಸುರುಳಿ ಸುರುಳಿಯಲ್ಲೂ ಮಿರಮಿರ. ಒಂದೊಂದಕ್ಕೂ ಎರಡು ಕಣ್ಣು.

"ಅಯ್ಯೋ ನನ್ ಪೆದ್..." ಅಂತ ಬಾಯಿ ತೆರೆದ ಲೂರ್ದಮ್ಮ ಅಲ್ಲೇ ನಿಲ್ಲಿಸಿದಳು. ಮಕ್ಕಳು ಮುಗಿಬಿದ್ದಿದ್ದರು. "ನಂಗೆ ಮೆಳ್ಳಗಣ್ಣಂದು! ನಂಗೆ ಆ ದೊಡ್ಡ ಕಣ್ಣಂದು!"

ಮಗ್ದಲಮ್ಮ ಹಿಂದಕ್ಕೆ ಸರಿದಳು. "ಎಲ್ಲಾ ನನ್ನೇ ಯಾಕೆ ನೋಡ್ತಾವೆ?"

"ನಿನ್ನೇ ಕಾಯ್ತಿದ್ವು ಕಣೆ!" ಅಂದಳು ಲೂರ್ದಮ್ಮ. ದನಿ ಎಷ್ಟು ಎತ್ತರಿಸಿದಳೆಂದರೆ ಚರ್ಚಿನ ಬಾಗಿಲಲ್ಲಿದ್ದ ಸ್ವಾಮಿಗಳಿಗೂ ಕೇಳಿಸಿತು. "ನನ್ ಮಗ ಮಾಡಿದ್ದು! ನನ್ ಬೆರಳೂ ತಾಗಿಲ್ಲ! ಎಲ್ರೂ ಕೂತ್ಕಳಿ!"

ಕೂತರು. ಮುಂದೆ ಸ್ವಾಮಿಗಳು, ಪಕ್ಕದಲ್ಲಿ ಮಗ್ದಲಮ್ಮ, ಆಚೆಗೆ ಇಡೀ ಪಾಳ್ಯ. ಎಲ್ಲರ ಮುಂದೂ ಎಲೆ.

"ಮಗಾ, ನಿನ್ ಕೈಯಾರೆ ಎಲ್ಲಾರ್ಗೂ ಹಂಚು! ಒಬ್ರನ್ನೂ ಬಿಡಬ್ಯಾಡ. ಕೇಳ್ದೋರ್ಗೆ ಇನ್ನೊಂದು ಕೊಡು!"

"ಎಲ್ಲಾರ್ಗೂ ಹಂಚಾ?"

"ಹೂಂ ಕಣ್ಲಾ, ಹಂಚು!"

ಇನ್ನಾಸಿ ಮನೆಯ ಸೂರನ್ನು ನೋಡಿದ. ಏಣಿ ತಂದ. ಹತ್ತಿದ. ಅಜ್ಜನ ಕಾಲದ ನಾಡಹಂಚು, ಒಂದೊಂದೇ ಕಿತ್ತು ಮಡಿಲು ತುಂಬಿಕೊಂಡು ಇಳಿದ. ಲುಂಗಿಯಲ್ಲಿ ಒರೆಸಿ, ಸ್ವಾಮಿಗಳ ಎಲೆಗೆ ಒಂದು ಹಂಚು. ಮಗ್ದಲಮ್ಮನ ಎಲೆಗೆ ಒಂದು ಹಂಚು. ಮತ್ತೆ ಹತ್ತಿದ, ಮತ್ತೆ ಇಳಿದ. ಒಬ್ಬರನ್ನೂ ಬಿಡಲಿಲ್ಲ!

"ಏನ್ ಲೂರ್ದಮ್ಮಾ," ಮಗ್ದಲಮ್ಮ ಎಲೆ ನೋಡಿ ಕೇಕೆ ಹಾಕಿದಳು, "ಹಬ್ಬಕ್ಕೆ ನಿಮ್ಮನೇ ಸೂರೇ ತಿನ್ಬೇಕಾ?"

ಎಲ್ಲರೂ ಲೂರ್ದಮ್ಮನ ಮುಖ ನೋಡಿದರು. ಇನ್ನಾಸಿ ಎದೆಯುಬ್ಬಿಸಿ, ಮೈಯೆಲ್ಲ ಧೂಳಾಗಿ, ಬೈಗುಳಕ್ಕೆ ಕಾದು ನಿಂತ. ಬೈಗುಳ ಬರಲಿಲ್ಲ. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬುಟ್ಟಿ ಎತ್ತಿಕೊಂಡು ಬಂದು, ಒಂದೊಂದು ಹಂಚಿನ ಮೇಲೂ ಒಂದೊಂದು ಬಿಸಿ ಬನ್ನು ಇಟ್ಟಳು.

"ನಮ್ಮನೇಲಿ ಹಿಂಗೇ ಬಡಿಸೋದು," ಅಂದಳು. "ನನ್ ಮಗನ ಪದ್ಧತಿ!"

ಸ್ವಾಮಿಗಳು ಮುರಿದು ಬಾಯಿಗಿಟ್ಟರು. ಕಣ್ಣು ಮುಚ್ಚಿದರು. ಮಗ್ದಲಮ್ಮ ಒಂದು ಚೂರು ಕಚ್ಚಿದಳು, ಮತ್ತೊಂದು ಚೂರು, ಆಮೇಲೆ ಪೂರ್ತಿ. ಬೆರಳು ನೆಕ್ಕಿ, ತಲೆ ತಗ್ಗಿಸಿ, ಮೆಲ್ಲಗೆ ಅಂದಳು: "ಇನ್ನಾಸಿ, ನಂಗೆ ಇನ್ನೊಂದು ಕೊಡಪ್ಪಾ."

ಇನ್ನಾಸಿ ಮತ್ತೆ ಏಣಿ ಹತ್ತಿದ.

ಇಷ್ಟೇ ಕತೆ. ಆ ಕೊನೇ ಸಲ ಏಣಿ ಹತ್ತಿದ್ದು ನಿಜವಾ ಅಂತ ಕೇಳಬೇಡಿ. ಮಗ್ದಲಮ್ಮ ಇನ್ನೊಂದು ಕೇಳಿದಳು ಅಂದೆನಲ್ಲ, ಅದು ನಾನು ಕಟ್ಟಿದ್ದು. ಅವಳು ಕೇಳುವವಳಾ? ಬಾಯಿ ಒರೆಸಿಕೊಂಡು ಎದ್ದುಹೋದಳು. ಬಾಯಿ ಬಿಟ್ಟು ಚೆನ್ನಾಗಿದೆ ಅನ್ನಲೂ ಇಲ್ಲ, ಎಲೆಯಲ್ಲಿ ಒಂದು ಚೂರು ಬಿಡಲೂ ಇಲ್ಲ. ಆದರೆ ಮೊನ್ನೆ ಲೂರ್ದಮ್ಮ ಈ ಕತೆ ಕೇಳಿ "ಹೌದೌದು, ಕೇಳಿದ್ಲು, ಎರಡು ಸಲ ಕೇಳಿದ್ಲು!" ಅಂದುಬಿಟ್ಟಳು. ಅವಳೇ ಹಾಗಂದ ಮೇಲೆ ತಿದ್ದಲು ನಾನು ಯಾರು?