ಹೋಗಿ ಬರುತ್ತೇನೆ

ಶಿಷ್ಯನು ಕೇಳಿದನು: "ಗುರುಗಳೇ, ಮಠಕ್ಕೆ ಹೊಸದಾಗಿ ಬಂದಿರುವ ಬಡಗಣ ದೇಶದವನು ಮೊನ್ನೆ ಊಟದ ಪಂಕ್ತಿಯಲ್ಲಿ 'ಗುರುಗಳು ಬಂದಿತು' ಎಂದ. ನಾನು ನಕ್ಕೆ, ನಾನು ನಕ್ಕದ್ದಕ್ಕೆ ಎಲ್ಲರೂ ನಕ್ಕರು. ಅಂದಿನಿಂದ ಅವನು ಬಾಯಿ ಬಿಡುತ್ತಿಲ್ಲ, ಪಂಕ್ತಿಗೂ ಬರುತ್ತಿಲ್ಲ. ತಪ್ಪನ್ನು ಕಂಡು ನಗದಿದ್ದರೆ ಅವನು ಕಲಿಯುವುದು ಹೇಗೆ?"

"ಅವನು ಮುಂದೆ ಏನೋ ಹೇಳುವುದರಲ್ಲಿದ್ದನಲ್ಲ, ಏನದು?" ಎಂದರು ಗುರುಗಳು.

"ಗೊತ್ತಿಲ್ಲ. ನಗುವಿನಲ್ಲಿ ಕೇಳಿಸಲಿಲ್ಲ."

ಗುರುಗಳು ಈ ಕತೆ ಹೇಳಿದರು.

ಒಬ್ಬ ಪಂಡಿತನಿದ್ದ. ಅರಳು ಹುರಿದಂತೆ ಮಾತು. ಸಭೆಯಲ್ಲಿ ಯಾರಾದರೂ ಅಕಾರ ಇರುವಲ್ಲಿ ಹಕಾರ ಅಂದರೆ ಅಲ್ಲೇ ನಿಲ್ಲಿಸಿ ತಿದ್ದುತ್ತಿದ್ದ. ಅವನು ತಿದ್ದಿದವರಲ್ಲಿ ಎಷ್ಟೋ ಮಂದಿ ಮತ್ತೆ ಸಭೆಗೆ ಬರಲಿಲ್ಲ. ಇದನ್ನು ಅವನು ತನ್ನ ಗೆಲುವೆಂದು ತಿಳಿದಿದ್ದ, ಪಾಪ.

ಕಡಲಾಚೆಯವರನ್ನೂ ವಾದದಲ್ಲಿ ಸೋಲಿಸಬೇಕೆಂದು ಅವನು ವರ್ತಕರ ಹಡಗು ಹತ್ತಿದ. ಒಂದು ದ್ವೀಪದಲ್ಲಿ ಇಳಿಯುವ ಹೊತ್ತಿಗೆ ಜ್ವರ ಏರಿತು. ವರ್ತಕರು ಅವನನ್ನು ದಡದಲ್ಲಿ ಬಿಟ್ಟು, ಎರಡು ತಿಂಗಳಿಗೆ ಮರಳುತ್ತೇವೆಂದು ಮುಂದೆ ಹೋದರು. ಬಲೆ ಹೆಣೆಯುವ ಒಬ್ಬ ಮುದುಕಿ ಅವನನ್ನು ತನ್ನ ಗುಡಿಸಲಿಗೆ ಕರೆತಂದಳು.

ನಾಲ್ಕು ಶಾಸ್ತ್ರ ಬಲ್ಲವನಿಗೆ ಅಲ್ಲಿ 'ನೀರು' ಎನ್ನಲು ಬಾರದು. ಬೊಗಸೆ ಹಿಡಿದು ತೋರಿಸಿದ. ಮುದುಕಿ ಬೊಗಸೆಗೆ ಉಪ್ಪು ಹಾಕಿದಳು. ಪಂಡಿತ ಗೋಡೆಯ ಕಡೆ ತಿರುಗಿ ಅತ್ತ. ಜ್ವರಕ್ಕಿಂತ ನಾಚಿಕೆಯೇ ಹೆಚ್ಚಾಗಿತ್ತು.

ಆಮೇಲೆ ಅವಳೇ ಒಂದೊಂದು ವಸ್ತು ಎತ್ತಿ ತೋರಿಸಿ ಹೆಸರು ಹೇಳಿಕೊಟ್ಟಳು. ಅವನು ತಪ್ಪಿದರೆ ನಗಲಿಲ್ಲ. ಅದೇ ಮಾತನ್ನು ಇನ್ನಷ್ಟು ನಿಧಾನವಾಗಿ ಹೇಳುತ್ತಿದ್ದಳು. ಎರಡು ತಿಂಗಳಲ್ಲಿ ಅವನಿಗೆ ನಲವತ್ತು ಮಾತು ಬಂದವು.

ಹಡಗು ಮರಳಿತು. ಹೊರಡುವಾಗ ನಮ್ಮಲ್ಲಿ ಯಾರೂ 'ಹೋಗುತ್ತೇನೆ' ಎನ್ನುವುದಿಲ್ಲ, ಅಶುಭ. ಪಂಡಿತನೂ ಅವಳ ಭಾಷೆಯ ಎರಡು ಮಾತು ಜೋಡಿಸಿ 'ಹೋಗಿ ಬರುತ್ತೇನೆ' ಎಂದ. ಮುದುಕಿ ಸಂತೋಷದಿಂದ ಏನೋ ಕೇಳಿದಳು. ಅರ್ಥವಾಗದೆ ಹೂಂ ಎಂದು ತಲೆಯಾಡಿಸಿ ಹೊರಟ.

ಗಾಳಿ ಸರಿಯಿಲ್ಲದೆ ಹಡಗು ದಡದ ಸಮೀಪವೇ ಮೂರು ದಿನ ನಿಂತಿತು. ನಾಲ್ಕನೆಯ ಬೆಳಗ್ಗೆ ಗಾಳಿ ತಿರುಗಿ ಹಾಯಿ ಏರಿಸುತ್ತಿರುವಾಗ ಎರಡೂ ಭಾಷೆ ಬಲ್ಲ ಅಂಬಿಗನೊಬ್ಬ ದೋಣಿಯಲ್ಲಿ ಬಂದ.

"ಸ್ವಾಮಿ, ಬಲೆಯ ಅಜ್ಜಿ ಮೂರು ದಿನದಿಂದ ಅನ್ನ ಮುಟ್ಟಿಲ್ಲ. ಹೋಗಿ ಬರುತ್ತೇನೆ ಅಂದಿರಂತೆ. ಊಟದ ಹೊತ್ತಿಗೆ ಬರ್ತೀಯಾ ಅಂತ ಕೇಳಿದ್ದಕ್ಕೆ ಹೂಂ ಅಂದಿರಂತೆ. ಬರುತ್ತೇನೆ ಎಂದವರನ್ನು ಬಿಟ್ಟು ಉಣ್ಣುವ ಪದ್ಧತಿ ಇವರಲ್ಲಿಲ್ಲ."

"ಅದು ನಮ್ಮ ಕಡೆ ಸುಮ್ಮನೆ ಆಡುವ ಮಾತಪ್ಪಾ. ಬರುವುದಿಲ್ಲವೆಂದು ಹೇಳಿಬಿಡು."

"ಅದೊಂದು ನನ್ನ ಕೈಲಾಗದು. ಬಾಗಿಲಲ್ಲಿ ಚಾಪೆ ಹಾಸಿಕೊಂಡು ಕೂತಿದ್ದಾಳೆ."

ಪಂಡಿತ ಹಾಯಿಯ ಕಡೆ ನೋಡಿದ. ಇದು ತಪ್ಪಿದರೆ ಮನೆಗೆ ಹೋಗುವ ಹಡಗು ಇನ್ನು ಆರು ತಿಂಗಳಿಗೆ. ದಡದ ಕಡೆ ನೋಡಿದ. ಗಂಟು ತೆಗೆದುಕೊಂಡು ದೋಣಿಗೆ ಇಳಿದ.

ಬಾಗಿಲಲ್ಲಿ ನಿಂತು, ಅವಳ ಭಾಷೆಯಲ್ಲಿ 'ಬಂದೆ' ಎಂದ. ಅದನ್ನೂ ತಪ್ಪಾಗಿಯೇ ಎಂದನಂತೆ. ಮುದುಕಿ ಸರಿಯಾದ ಮಾತನ್ನು ನಿಧಾನವಾಗಿ ಹೇಳಿಕೊಟ್ಟು, ಕೈಗೆ ನೀರು ಹಾಕಿ, ಇಬ್ಬರಿಗೂ ಬಡಿಸಿದಳು.

ಗುರುಗಳು ಕತೆ ನಿಲ್ಲಿಸಿದರು.

"ಒಂದು ತಪ್ಪು ಮಾತಿಗೆ ಆರು ತಿಂಗಳು ಹೋಯಿತೇ ಗುರುಗಳೇ?" ಎಂದ ಶಿಷ್ಯ.

ಗುರುಗಳೆಂದರು: "ಆ ತಪ್ಪು ಮಾತನ್ನು ನಂಬಿ ಅವಳು ಮೂರು ದಿನ ಕಾದಳು; ಆ ಬಡಗಣದವನ ಮಾತು ಮುಗಿಯುವವರೆಗೆ ಕಾಯಲು ನಿನ್ನಿಂದ ಆಗಲಿಲ್ಲ."