ಹರಿಯದ ನೂಲು

ತಿರುಗುವ ಯಂತ್ರದ ಮುಂದೆ ಕೂರುವವರ ಮೈಮೇಲೆ ಜೋಲುವಂಥದ್ದು ಏನೂ ಇರಕೂಡದು. ಕರಡಿಗೇರಿಯ ಹತ್ತಿ ಗಿರಣಿಯ ಬಾಗಿಲ ಮೇಲೆ, ನೀಲಿ ಹಲಗೆಯಲ್ಲಿ ಬಿಳಿ ಅಕ್ಷರಗಳಿಂದ ಬರೆಸಿದ್ದ ನಿಯಮ ಇದೊಂದೇ. ಓದು ಬಂದವರು ಓದಿ ಮುರಿದರು. ಬಾರದವರು ಓದದೆಯೇ ಮುರಿದರು. ಮುರಿದವರಲ್ಲಿ ಪರಮಪೂಜ್ಯ ಗುರುಪಾದ ಸ್ವಾಮಿಗಳೂ ಒಬ್ಬರು. ಇದು ಯಾರೋ ಅವರ ಮೇಲೆ ಹೊರಿಸಿದ ಮಾತಲ್ಲ. ತುಂಬಿದ ಜನರ ನಡುವೆ ಶ್ರೀಗಳೇ ಆಡಿದ ಮಾತು.

ಊರ ಪಡುವಣ ಅಂಚಿನಲ್ಲಿ ಅವರ ಮಠ. ಮಣ್ಣಿನ ಮಾಳಿಗೆಯ ಎರಡು ಅಂಕಣ, ಒಂದು ಕಂಬಳಿ, ನೀರಿನ ಕೊಡ, ಅಂಗಳದಲ್ಲೊಂದು ಬೇವಿನ ಮರ. ಆ ನೆರಳಿನಲ್ಲಿ ಶ್ರೀಗಳು ದಿನವಿಡೀ ತಕಲಿಯಲ್ಲಿ ನೂಲುತ್ತಿದ್ದರು. ಜನರ ಬಾಯಲ್ಲಿ ಅವರು ನೂಲಜ್ಜ. ದೀಪಾವಳಿ ಕಳೆದು ಗಿರಣಿಯ ಹಂಗಾಮು ಶುರುವಾಗುವ ಮೊದಲ ಸೋಮವಾರ, ಕೆಲಸಕ್ಕೆ ಹೋಗುವ ಹುಡುಗಿಯರೆಲ್ಲ ತಲೆಗೆ ಎರೆದುಕೊಂಡು ಮಠಕ್ಕೆ ಬರುವರು. ತಾವೇ ನೂತು, ಐದೆಳೆ ಕೂಡಿಸಿ ಹೊಸೆದು, ಜೇನುಮೇಣ ತಿಕ್ಕಿ, ಅರಿಷಿಣದಲ್ಲಿ ಅದ್ದಿದ ದಾರವನ್ನು ಶ್ರೀಗಳು ಒಬ್ಬೊಬ್ಬಳ ಬಲ ಮುಂಗೈಗೆ ಕಟ್ಟುವರು. ಕಟ್ಟಿದ್ದನ್ನು ಬಿಚ್ಚುವಂತಿಲ್ಲ, ಕತ್ತರಿಸುವಂತಿಲ್ಲ; ತಾನಾಗಿ ಸವೆದು ಬೀಳಬೇಕು. ನೂಲಜ್ಜನ ದಾರ ಎತ್ತು ಜಗ್ಗಿದರೂ ಹರಿಯದು ಎಂಬುದು ಸುತ್ತ ಹತ್ತು ಹಳ್ಳಿಯ ಹೆಮ್ಮೆ.

ಗಿರಣಿಯ ಮೇಸ್ತ್ರಿ ಉಡಚಪ್ಪನಿಗೆ ಮಾತ್ರ ದೇವರಿಗಿಂತ ಎಂಜಿನ್ ಎಣ್ಣೆಯ ಮೇಲೆ ನಂಬಿಗೆ ಹೆಚ್ಚು. ಮುಪ್ಪಿನಲ್ಲಿ ಅವನು ಆ ದಿನಗಳನ್ನು ನೆನೆಯುತ್ತಿದ್ದ ಬಗೆಯೇ ಬೇರೆ. ಏಳು ಗಂಟೆಯ ಭೋಂಗಾ ಕೂಗಿದರೆ ಊರ ಒಲೆಗಳೆಲ್ಲ ಒಟ್ಟಿಗೆ ಆರುತ್ತಿದ್ದವಂತೆ. ಸಂಜೆ ಹೊರಬರುವ ಹುಡುಗಿಯರ ತಲೆ, ಹುಬ್ಬುಗಳ ಮೇಲೆಲ್ಲ ಹತ್ತಿಯ ಎಳೆ ಕೂತು, ಹದಿನಾರರ ಪೋರಿಯರು ಎಪ್ಪತ್ತರ ಮುದುಕಿಯರಂತೆ ಕಾಣುತ್ತಿದ್ದರಂತೆ. ‘ಯವ್ವಾ ಮುದುಕೀ, ಹಲ್ಲಾದರೂ ಅದಾವೋ ಇಲ್ಲೋ?’ ಎಂದು ಒಬ್ಬರನ್ನೊಬ್ಬರು ಕೆಣಕುತ್ತ ಮನೆಗೆ ಹೋಗುತ್ತಿದ್ದರಂತೆ. ಈಗ ಗಿರಣಿಯಿಲ್ಲ. ಆ ನಗೆಯೂ ಇಲ್ಲ.

ಆ ನಗೆಯಲ್ಲಿ ಎಲ್ಲಕ್ಕಿಂತ ದೊಡ್ಡದು ಹುಲಿಗೆವ್ವನದು. ಹಂಗಾಮಿನ ಎರಡನೆಯ ವಾರ ಉಡಚಪ್ಪ ಅವಳ ಕೈ ನೋಡಿ ಗದರಿದ್ದ:

“ಏ ಪೋರಿ, ಆ ದಾರದ ತುದಿ ಗೇಣುದ್ದ ಜೋತೈತಿ. ತಗದು ಕುಂಡ್ರು.”

“ನಿಮ್ಮ ನಡಾದಾಗ ಕತ್ತರಿ ಐತೆಲ್ರಿ ಮೇಸ್ತ್ರಿ, ನೀವ ಹಾಕ್ರಿ ನೋಡೂಣು! ಅಜ್ಜಾರ ದಾರ ಐತಿ, ಮೊದಲ ಕೈ ಮುಗೀರಿ!”

ಸಾಲಿಗೆ ಸಾಲೇ ಗೊಳ್ಳೆಂದು ನಕ್ಕಿತು. ಉಡಚಪ್ಪನ ಕೈ ಕತ್ತರಿಯವರೆಗೆ ಹೋಗಿ ಹಿಂದೆ ಬಂತು.

ಮರುದಿನ ಮಧ್ಯಾಹ್ನ ಹತ್ತಿ ಸಿಕ್ಕಿಕೊಂಡಿತೆಂದು ಹುಲಿಗೆವ್ವ ಕೈ ಹಾಕಿದಳು. ಯಂತ್ರದ ಉರುಳೆಗಳ ಮೇಲೆ ಮೊದಲು ತಗಡಿನ ಮುಚ್ಚಳಗಳಿದ್ದವು. ಸಿಕ್ಕು ಬಿಡಿಸಲು ತಡವಾಗುತ್ತದೆಂದು ಗಿರಣಿಯ ಧಣಿ ಸಾವಕಾರ ರಾಚಪ್ಪನವರು ಅವನ್ನು ಬಿಚ್ಚಿಸಿ ಉಗ್ರಾಣಕ್ಕೆ ಹಾಕಿಸಿದ್ದರು. ಬಿಚ್ಚಿದವನು ಇದೇ ಉಡಚಪ್ಪ. ಉರುಳೆ ಮೊದಲು ಹಿಡಿದದ್ದು ದಾರವನ್ನು. ಎಂಜಿನ್ನಿನ ಪಟ್ಟಾ ಕೆಡವಿ ಯಂತ್ರ ನಿಲ್ಲಿಸುವಷ್ಟರಲ್ಲಿ ಬಲಗೈಯ ನಾಲ್ಕು ಬೆರಳು ಹೋಗಿದ್ದವು.

ವರ್ಷ ತಿರುಗಿತು. ಗಿರಣಿಯ ಹೆಸರೆತ್ತಿದರೆ ಹುಡುಗಿಯರು ಅಂಜತೊಡಗಿದರು. ಸಾವಕಾರರು ಉಪಾಯ ಹೂಡಿದರು. “ಅಜ್ಜಾರ್ನ ಗಿರಣಿಗೇ ಕರಕೊಂಡು ಬಾ. ಮಷೀನಿನ ಮುಂದ ಕುಂಡ್ರಿಸಿ ಎರಡೂ ಕೈಗೆ ದಾರ ಕಟ್ಟಿಸೂಣು. ಅಂಜಿಕಿ ತಾನ ಬಿಡತೈತಿ.”

ಉಡಚಪ್ಪ ಮಠಕ್ಕೆ ಹೋದ. ನಮಸ್ಕಾರ ಮಾಡಲಿಲ್ಲ.

“ಸಾವಕಾರ್ರು ಕರದಾರ್ರಿ. ಈ ಸಲ ಎರಡೂ ಕೈಗೆ ಕಟ್ಟಬೇಕಂತ.”

“ಯಾಕಪ್ಪಾ?”

“ಹ್ವಾದ ವರ್ಷ ಒಂದ ಕೈಗೆ ಕಟ್ಟಿದ್ರಿ. ಒಂದ ಕೈ ಹೋತು.”

ತಕಲಿ ನಿಂತಿತು. ಅಜ್ಜನ ದಾರ ಹುಡುಗಿಯ ಜೀವ ಉಳಿಸಿತು ಎಂದಷ್ಟೇ ಊರವರು ಶ್ರೀಗಳಿಗೆ ಹೇಳಿದ್ದರು.

“ನೂಲು ಎಳಕೊಂಡು ಹೋತೇನು?”

“ಹೌದ್ರಿ. ಸಾದಾ ದಾರ ಆಗಿದ್ರ ಪಟ್ಟನ ಹರೀತಿತ್ತು. ನಿಮ್ಮದು ಹರೀಲಿಲ್ಲ.”

ಶ್ರೀಗಳು ತಮ್ಮ ಬೆರಳುಗಳನ್ನೇ ನೋಡಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು: “ನೀ ನೋಡಿದ್ದೆಲ್ಲೋ. ಕತ್ತರಿಸಲಿಲ್ಲ ಯಾಕ?”

ಯಾವ ದೇವರಿಗೂ ಅಂಜದವನೆಂದು ಮೀಸೆ ತಿರುವುತ್ತಿದ್ದ ಉಡಚಪ್ಪ ಒಂದು ಗೇಣು ದಾರಕ್ಕೆ ಅಂಜಿದ್ದ. ಅವನು ಆಗ ಕುಸಿದು ಕೂತು ಎಲ್ಲವನ್ನೂ ಹೇಳಿದ: ಹುಡುಗಿಯರ ನಗೆ, ಹಿಂದೆ ಬಂದ ಕೈ, ಬಿಚ್ಚಿದ ಮುಚ್ಚಳಗಳು. ಶ್ರೀಗಳು ಎದ್ದರು. “ನಡಿ” ಎಂದರು.

ಗಿರಣಿಯಲ್ಲಿ ಯಂತ್ರಗಳಿಗೆಲ್ಲ ಚೆಂಡುಹೂವಿನ ಮಾಲೆ. ನಲವತ್ತು ಹುಡುಗಿಯರು ಎರಡೂ ಕೈ ಮುಂದೆ ಚಾಚಿ ನಿಂತಿದ್ದರು. ಶ್ರೀಗಳು ಹಾಸಿದ ಜಮಖಾನೆ ಬಿಟ್ಟು ನೆಲದ ಮೇಲೆ ಕೂತು, ಹುಲಿಗೆವ್ವನನ್ನು ಕರೆಸಿದರು. ತಾಯಿ ಫಕೀರವ್ವ ಅವಳ ಹಿಂದೆಯೇ ಬಂದಳು. ಹುಡುಗಿ ಬಲಗೈಯನ್ನು ಸೆರಗಿನೊಳಗೆ ಸುತ್ತಿಕೊಂಡಿದ್ದಳು. ಎಡಗೈಯಲ್ಲಿ ಮಠದ ಹೊಸ ದಾರವೊಂದಿತ್ತು. ತಾಯಿಯೇ ಮಠದಿಂದ ಬೇಡಿ ತಂದು ಕಟ್ಟಿದ್ದಳು.

“ರೊಟ್ಟಿ ಬಡೀತಿಯೇನವ್ವಾ?”

“ಇಲ್ರಿ ಅಜ್ಜಾರ. ಒಂದ ಕೈಲೆ ಹಿಟ್ಟು ನಾದತೀನಿ. ಬಡಿಯೂದು ತಂಗಿ.”

“ಜಡಿ?”

“ಅವ್ವ ಹಾಕತಾಳ್ರಿ. ಅವ್ವ ಇರೂತನಕ.”

ಫಕೀರವ್ವ ಗಾಬರಿಯಾಗಿ ನಡುವೆ ಬಾಯಿ ಹಾಕಿದಳು: “ಹಂಗ್ಯಾಕಂತಿ ಬೇ? ಅಜ್ಜಾರ ಪುಣ್ಯೇದಿಂದ ಜೀವ ಉಳೀತಲ್ಲ!”

ಶ್ರೀಗಳು ಉಡಚಪ್ಪನತ್ತ ಕೈ ಚಾಚಿದರು. ಅವನು ಕತ್ತರಿ ಕೊಟ್ಟ. ಹುಲಿಗೆವ್ವನ ಎಡ ಮುಂಗೈ ಹಿಡಿದು, ತಾವೇ ನೂತ ದಾರವನ್ನು ತಾವೇ ಕತ್ತರಿಸಿದರು. ಹಿಂದೆ ಯಾರೋ ‘ಶಿವಶಿವಾ’ ಎಂದರು.

“ಹಲಗಿ ಮ್ಯಾಲಿನ ಮಾತು ಮೊದಲ ಮುರದವ ನಾನು,” ಎಂದರು ಶ್ರೀಗಳು. “ಇನ್ನ ಕಟ್ಟೂದಿಲ್ಲ.”

ಸಾವಕಾರರು ದಡಬಡಿಸಿ ಮುಂದೆ ಬಂದರು. “ಅಜ್ಜಾರ, ನೀವು ಹಿಂಗಂದ್ರ ಒಬ್ಬಾಕೀನೂ ಒಳಗ ಬರೂದಿಲ್ರಿ. ಬಡವ್ರ ಮಕ್ಕಳು, ರಕ್ಷಾ ಬ್ಯಾಡೇನ್ರಿ ಅವಕ್ಕ?”

“ಬೇಕು. ಅದು ನನ್ನ ಮಠದಾಗಿಲ್ಲ ರಾಚಪ್ಪಾ. ನಿನ್ನ ಉಗ್ರಾಣದಾಗ ಐತಿ.”

ಇಷ್ಟೇ ಅವರ ಮಾತು. ಶ್ರೀಗಳು ಹುಡುಗಿಯ ಬೆರಳಿಲ್ಲದ ಕೈಯನ್ನು ಸೆರಗಿನಿಂದ ಬಿಡಿಸಿ, ಎರಡೂ ಅಂಗೈಯಲ್ಲಿ ಹಿಡಿದು, ಕಣ್ಣಿಗೊತ್ತಿಕೊಂಡು, ಹಾಗೆಯೇ ಕೂತರು. ಅವಳ ಅಳು ಆಗ ಹೊರಬಂತು. ಇಡೀ ವರ್ಷದಲ್ಲಿ ಮೊದಲ ಸಲವಂತೆ.

ಸಾವಕಾರರಿಗೆ ಶ್ರೀಗಳ ಮುಖ ನೋಡುವುದಾಗಲಿಲ್ಲ. ಅವರು ಮೇಸ್ತ್ರಿಯ ಕಡೆ ತಿರುಗಿದರು. “ಏ ಉಡಚ್ಯಾ, ಏನು ನೋಡತಿ? ಎಂಜಿನ್ ಪಟ್ಟಾ ಏರಸು. ಭೋಂಗಾ ಕೂಗಿತಂದ್ರ ತಾವಾಗೇ ಬಂದು ಕುಂಡ್ರತಾವ.”

ಎಂಜಿನ್ನಿನಿಂದ ಇಪ್ಪತ್ತೂ ಯಂತ್ರಗಳನ್ನು ತಿರುಗಿಸುವ ಚರ್ಮದ ದೊಡ್ಡ ಪಟ್ಟಾ ಗೋಡೆಯ ಗೂಟಕ್ಕೆ ತೂಗುತ್ತಿತ್ತು. ಅದನ್ನು ಏರಿಸಲು ಬರುತ್ತಿದ್ದುದು ಊರಿನಲ್ಲಿ ಉಡಚಪ್ಪ ಒಬ್ಬನಿಗೇ. ಅವನು ಹೋಗಿ ಅದನ್ನು ಇಳಿಸಿಕೊಂಡ. ಎಲ್ಲರೂ ನೋಡುತ್ತಿದ್ದಂತೆ ನೆಲದ ಮೇಲೆ ನಿಧಾನವಾಗಿ ಸುರುಳಿ ಸುತ್ತಿದ. ಬಾಗಿ ಶ್ರೀಗಳ ಪಾದ ಮುಟ್ಟಿದ.

“ಇಪ್ಪತ್ತೂ ಮುಚ್ಚಳ ಕುಂತ ಮ್ಯಾಲ, ಸಾವಕಾರ್ರ,” ಎಂದ.

ಇಪ್ಪತ್ತೆರಡು ವರ್ಷ ಧಣಿಯ ಎದುರು ಒಮ್ಮೆಯೂ ಕೂರದ ಆ ಮನುಷ್ಯ, ಸುರುಳಿಯನ್ನು ತೊಡೆಯ ಮೇಲೆ ಎಳೆದುಕೊಂಡು, ಎರಡೂ ಕೈಯಿಂದ ಅವುಚಿ ಹಿಡಿದು, ನೆಲದ ಮೇಲೆ ಕೂತುಬಿಟ್ಟ.