ರೆಪ್ಪೆ ಬಡಿಯದೆ ಬರೆದ ಚಂಬಣ್ಣ

ಮಲಪ್ರಭೆಯ ದಂಡೆಯ ಮೇಲೊಂದು ಸಣ್ಣ ಮಠ. ಅಲ್ಲಿ ಅಡಿವೆಜ್ಜ ಎಂಬ ಗುರುಗಳಿದ್ದರು.

ಮಠದಲ್ಲಿ ಬೆಳ್ಳಿ ಇರಲಿಲ್ಲ, ಬಂಗಾರ ಇರಲಿಲ್ಲ. ಇದ್ದದ್ದು ಒಂದು ಕಟ್ಟು ತಾಳೆಗರಿ.

ಅದು ವೇದಾಂತವೂ ಅಲ್ಲ, ಪುರಾಣವೂ ಅಲ್ಲ. ಅಜ್ಜನ ಗುರುಗಳು ಊರೂರು ತಿರುಗಿ, ಕಲಿತು, ಬರೆದಿಟ್ಟ ದನಕರುಗಳ ಔಷಧದ ಪುಸ್ತಕ. ಈಗ ಗರಿಗಳಿಗೆ ಹುಳ ಹತ್ತಿತ್ತು. ಮುಟ್ಟಿದರೆ ಅಂಚು ಪುಡಿಯಾಗುತ್ತಿತ್ತು. ಇನ್ನೊಂದು ಮಳೆಗಾಲ ಅವು ತಡೆಯುವುದಿಲ್ಲ ಎಂಬುದು ನೋಡಿದವರಿಗೆಲ್ಲ ಗೊತ್ತಾಗುತ್ತಿತ್ತು.

ಅಜ್ಜ ತಮ್ಮ ಶಿಷ್ಯ ಚಂಬಣ್ಣನನ್ನು ಕರೆದರು. ಅವನ ಅಕ್ಷರ ಮುತ್ತು ಪೋಣಿಸಿದಂತೆ. ಅದು ಅವನಿಗೂ ಚೆನ್ನಾಗಿ ಗೊತ್ತಿತ್ತು.

"ಇದನ್ನ ನೋಟ್‌ಬುಕ್ಕಿಗೆ ಇಳಿಸಬೇಕು," ಎಂದರು ಅಜ್ಜ. "ಒಂದಕ್ಷರ ಹೆಚ್ಚುಕಮ್ಮಿ ಆಗಬಾರ್ದು. ರೆಪ್ಪಿ ಬಡೀದಂಗ ಬರಿ."

ಚಂಬಣ್ಣ ಪಾದ ಮುಟ್ಟಿ ನಮಸ್ಕರಿಸಿದ. ಗುರುಗಳು ಬೇರೆ ಯಾರನ್ನೂ ಕರೆಯದೆ ತನ್ನನ್ನೇ ಕರೆದರಲ್ಲ ಎಂದು ಅವನ ಎದೆ ತುಂಬಿ ಬಂತು. ಗುರುವಿನ ಮಾತನ್ನು ಅವನು ಮಾತಾಗಿ ತೆಗೆದುಕೊಳ್ಳಲಿಲ್ಲ, ವ್ರತವಾಗಿ ತೆಗೆದುಕೊಂಡ.

ಮರುದಿನ ಬೆಳಿಗ್ಗೆ ಪಡಸಾಲೆಯಲ್ಲಿ ಡೆಸ್ಕು ಹಾಕಿದ. ತೂಕಡಿಕೆ ಬರಬಾರದೆಂದು ಟೇಬಲ್ ಫ್ಯಾನನ್ನು ಮುಖಕ್ಕೆ ನೇರವಾಗಿ ಇಟ್ಟುಕೊಂಡ. ಗರಿಯ ಮೇಲೆ ಕಣ್ಣು ನೆಟ್ಟ.

ಗರಿಗಳಲ್ಲಿ ಎರಡು ಸಾಲಿಗೊಂದರಂತೆ ಸಣ್ಣ ಸೊನ್ನೆಗಳಿದ್ದವು. ಅವಕ್ಕೆ ಅರ್ಥ ಕಾಣಲಿಲ್ಲ. ಚಂಬಣ್ಣ ಅವನ್ನು ಬಿಟ್ಟು ಬರೆದ.

ರೆಪ್ಪೆ ಬಡಿಯದೆ ಕೂರುವುದು ಮೊದಲು ಕಷ್ಟವಾಯಿತು. ಆಮೇಲೆ ರೂಢಿಯಾಯಿತು. ದೇವತೆಗಳು ರೆಪ್ಪೆ ಬಡಿಯುವುದಿಲ್ಲವೆಂದು ಅವನು ಪುರಾಣದಲ್ಲಿ ಕೇಳಿದ್ದ. ತಾನೂ ಆ ದಾರಿ ಹಿಡಿದೆನೆಂದು ಒಳಗೊಳಗೇ ಹಿಗ್ಗಿದ.

ಮೂರನೆಯ ವಾರಕ್ಕೆ ಕಣ್ಣು ಉರಿಯತೊಡಗಿತು. ಒಳಗೆ ಹೊಳೆಯ ಮರಳು ಸೇರಿದಂತೆ ಚುಚ್ಚತೊಡಗಿತು. ಅಕ್ಷರಗಳು ಒಮ್ಮೆ ಮಸುಕು, ಒಮ್ಮೆ ನಿಚ್ಚಳ. ಸಂಜೆಯ ಹೊತ್ತಿಗೆ ಎರಡೂ ಕಣ್ಣಿಂದ ನೀರು ಧಾರಾಕಾರ.

ಮಠಕ್ಕೆ ಬಂದವರು ಅದನ್ನು ನೋಡಿದರು.

"ಎಂಥಾ ಭಕ್ತಿ ನೋಡವ್ವ!" ಎಂದಳು ಒಬ್ಬಳು ಮುದುಕಿ. ಅವನ ಕಾಲಿಗೂ ಬಿದ್ದಳು.

ಚಂಬಣ್ಣ ಹೌದೆನ್ನಲಿಲ್ಲ. ಅಲ್ಲ ಎಂದೂ ಅನ್ನಲಿಲ್ಲ. ಹೊಗಳಿಕೆ ಯಾರಿಗೆ ಕಹಿ?

ಸುದ್ದಿ ಅಜ್ಜನ ಕಿವಿಗೂ ಬಿತ್ತು. ಅವರು ಬಂದು ಅವನ ಮಗ್ಗುಲಲ್ಲಿ ಕೂತರು.

"ಯಾಕ ಅಳಾಕತ್ತೀಯೋ ಚಂಬಣ್ಣ?"

"ಭಕ್ತಿ ಉಕ್ಕಿ ಬರ್ತದ್ರಿ ಅಜ್ಜಾರ."

"ಹೌದಾ? ಯಾವ ಮಾತಿಗೆ ಉಕ್ಕಿತು, ಓದು ನೋಡೋಣ."

ಚಂಬಣ್ಣ ಗರಿ ನೋಡಿದ. ಅಕ್ಷರಗಳೆಲ್ಲ ನೀರಲ್ಲಿ ಕದಡಿಹೋದವು.

ಅಜ್ಜ ತಾವೇ ಓದಿದರು. "ಎಮ್ಮೆಯ ಹೊಟ್ಟೆ ಉಬ್ಬರಕ್ಕೆ ಔಷಧ."

ಆಮೇಲೆ ನೋಟ್‌ಬುಕ್ಕನ್ನು ಎಳೆದುಕೊಂಡು ಎರಡನ್ನೂ ತಾಳೆ ನೋಡಿದರು. ಅವರ ಬೆರಳು ಒಂದು ಕಡೆ ನಿಂತಿತು.

"ಗರಿಯಾಗ ಏನೈತಿ?"

"ಬೇರಿನ ಪುಡಿ ಅರೆ ತೊಲ."

"ನೀ ಏನ್ ಬರದೀ?"

ಚಂಬಣ್ಣ ಬಗ್ಗಿ ನೋಡಿದ. ಕಣ್ಣೊರೆಸಿಕೊಂಡು ಮತ್ತೆ ನೋಡಿದ. ಅವನ ಮುತ್ತಿನಂಥ ಅಕ್ಷರದಲ್ಲಿ 'ಆರು ತೊಲ' ಎಂದಿತ್ತು.

"ಯಾರರೆ ಇದನ್ನ ನಂಬಿ ಕುಡಿಸಿದ್ರ?" ಎಂದರು ಅಜ್ಜ.

"ಎಮ್ಮಿ ಸಾಯ್ತೈತ್ರಿ," ಎಂದ ಚಂಬಣ್ಣ. ಅಜ್ಜನ ಪಾದ ಹಿಡಿದುಕೊಂಡ. "ಅಜ್ಜಾರ, ಈ ಕೆಲಸ ಮಾತ್ರ ನನ್ನಿಂದ ಕಸ್ಕೋಬ್ಯಾಡ್ರಿ."

ಅಜ್ಜ ಬೈಯಲಿಲ್ಲ. ಗರಿಗಳನ್ನು ಅರಿವೆಯಲ್ಲಿ ಸುತ್ತಿ ಗೂಡಿನಲ್ಲಿಟ್ಟರು.

"ಮೊದಲು ಪ್ಯಾಟಿಗೆ ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸ್ಕೊಂಡು ಬಾ."

ಚಂಬಣ್ಣ ಹೋದ. ಮರುದಿನ ಮಧ್ಯಾಹ್ನ ಮುಖ ಗಂಟಿಕ್ಕಿಕೊಂಡು ಬಂದ. ಕೈಯಲ್ಲಿ ಸಣ್ಣದೊಂದು ಹನಿಮದ್ದಿನ ಬಾಟಲಿ.

"ಏನಂದ್ರು?"

"ಕಣ್ಣು ಒಣಗ್ಯಾವ ಅಂದ್ರು. ಫ್ಯಾನ್ ಮುಖಕ್ಕ ಹಿಡೀಬ್ಯಾಡ, ಈ ಹನಿ ಹಾಕ್ಕೋ, ಮುಚ್ಚಿದ ರೆಪ್ಪಿ ಮ್ಯಾಲ ಬೆಚ್ಚನ್ನ ಅರಿವಿ ಇಟ್ಕೋ ಅಂದ್ರು. ಆ ಡಾಕ್ಟರಿಗೆ ಏನೂ ತಿಳೀವಲ್ದು ಅಜ್ಜಾರ. ಹೊಳಿ ಹರದಂಗ ನೀರು ಹರೀತಾವ, ಒಣಗ್ಯಾವ ಅಂದ್ರ ಹ್ಯಾಂಗ?"

"ಮತ್ತೇನಂದ್ರು?"

ಚಂಬಣ್ಣ ತಲೆ ತಗ್ಗಿಸಿದ. "ಬರಿಯೋವಾಗ ಆಗಾಗ ರೆಪ್ಪಿ ಬಡಿ ಅಂದ್ರು. ಅದೊಂದು ನನ್ನಿಂದ ಆಗೂದಿಲ್ರಿ."

"ಯಾಕ?"

"ಬಡೀಬ್ಯಾಡ ಅಂತ ನೀವ ಹೇಳೀರಲ್ರಿ. ಕಣ್ಣು ಹೋದ್ರೂ ಚಿಂತಿಲ್ಲ, ಗುರುವಿನ ಮಾತು ಮೀರಾಂವ ಅಲ್ಲ ನಾನು."

ಅಜ್ಜ ಹಣೆ ಉಜ್ಜಿಕೊಂಡರು. ತಾವು ಯಾವಾಗ ಹಾಗೆ ಹೇಳಿದೆವೆಂದು ನೆನಪಿಸಿಕೊಂಡರು. ನೆನಪಾದಾಗ ಅವರಿಗೆ ನಗುವೂ ಬಂತು, ಕರುಳೂ ಚುರ್ ಎಂದಿತು.

ಅವರು ಅಡಿಗೆಯ ಫಕೀರವ್ವನನ್ನು ಕೂಗಿದರು. ಮಠದ ನೆಲ ಸಾರಿಸುವುದೂ ಅವಳದೇ ಕೆಲಸ.

"ಯವ್ವಾ, ನಾಳಿಂದ ಎಂಟು ದಿನ ಅಂಗಳ ಸಾರಿಸಬ್ಯಾಡ. ಕಸಬರಿಗಿನೂ ಆಡಿಸಬ್ಯಾಡ."

"ಅಂಗಳ ಹಾಳ್ ಬೀಳ್ತೈತ್ರೀ ಅಜ್ಜಾರ!"

"ಬೀಳ್ಲಿ."

ಬೇಸಿಗೆಯ ಬಿಸಿಲು. ನಾಲ್ಕನೆಯ ದಿನಕ್ಕೆ ಅಂಗಳದ ಮೇಲೆ ಧೂಳೆದ್ದಿತು. ಎಂಟನೆಯ ದಿನಕ್ಕೆ ಸಗಣಿಯ ಪದರು ಹಕ್ಕಳೆ ಹಕ್ಕಳೆಯಾಗಿ ಎದ್ದು, ನೆಲ ಬಿರುಕು ಬಿಟ್ಟಿತು. ಬರಿಗಾಲಲ್ಲಿ ನಡೆದರೆ ಚುಚ್ಚುತ್ತಿತ್ತು. ಫಕೀರವ್ವ ದಿನವೂ ಬಾಗಿಲಲ್ಲಿ ನಿಂತು ಹಲ್ಲು ಕಡಿದಳು.

ಒಂಬತ್ತನೆಯ ಬೆಳಿಗ್ಗೆ ಅಜ್ಜ ಚಂಬಣ್ಣನ ಕೈಗೆ ಕೊಡ ಕೊಟ್ಟರು.

"ಸುರಿ."

ಚಂಬಣ್ಣ ಕೊಡದ ನೀರನ್ನೆಲ್ಲ ಸುರಿದ. ನೀರು ಧೂಳನ್ನು ಹೊತ್ತುಕೊಂಡು, ಇಳಿಜಾರು ಹಿಡಿದು, ತುಳಸಿಕಟ್ಟೆ ಸುತ್ತಿ ಹೊಳೆಯ ಕಡೆಗೆ ಓಡಿಹೋಯಿತು. ಇಬ್ಬರೂ ಕಟ್ಟೆಯ ಮೇಲೆ ಕೂತರು. ಸ್ವಲ್ಪ ಹೊತ್ತಿಗೆಲ್ಲ ಅಂಗಳ ಮೊದಲಿನಂತೆಯೇ ಒಣಗಿ ಬಿರುಕು ತೋರಿಸಿತು.

"ಇಷ್ಟು ನೀರು ಹರೀತಲ್ಲ, ನೆಲಾ ಯಾಕ ಒಣಗೈತಿ?" ಎಂದರು ಅಜ್ಜ.

ಚಂಬಣ್ಣ ಬಗ್ಗಿ ಬಿರುಕನ್ನು ಮುಟ್ಟಿ ನೋಡಿದ.

"ಯವ್ವಾ, ಈಗ ನೀ ಬಾ."

ಫಕೀರವ್ವ ಕಾಯುತ್ತಲೇ ಇದ್ದಳು. ಅರ್ಧ ಬುಟ್ಟಿ ಸಗಣಿ, ಒಂದು ತಂಬಿಗೆ ನೀರು. ಸೆರಗು ಸಿಕ್ಕಿಸಿ ಕೂತವಳು ಅಂಗೈ ಬೀಸಿದಳು. ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ. ಎಲ್ಲೂ ದಪ್ಪವಿಲ್ಲ, ಎಲ್ಲೂ ಬಿಟ್ಟುಹೋಗಿಲ್ಲ. ಬಿರುಕೆಲ್ಲ ಮುಚ್ಚಿತು. ನೆಲ ತಂಪಾಗಿ ಹೊಳೆಯಿತು.

"ಒಮ್ಮೆ ಸಾರಿಸಿದ್ರ ವರ್ಷಗಟ್ಟಲೆ ಬರ್ತೈತೇನ್ಬೇ?" ಎಂದು ಚಂಬಣ್ಣ ಮೆಲ್ಲಗೆ ಕೇಳಿದ.

"ಹುಚ್ಚಪ್ಪಾ! ದಿನಾ ಸಾರಿಸಿದ್ರ ನೆಲಾ. ಬಿಟ್ಟಿ ಅಂದ್ರ ಬರೇ ಮಣ್ಣು," ಎಂದಳು ಫಕೀರವ್ವ.

ಅಜ್ಜ ಅವನ ಮುಖದ ಮುಂದೆ ತಮ್ಮ ಅಂಗೈ ತಂದರು. ಫಕೀರವ್ವ ನೆಲದ ಮೇಲೆ ಬೀಸಿದ ಹಾಗೆ, ಮೇಲಿನಿಂದ ಕೆಳಕ್ಕೆ ಒಮ್ಮೆ ಬೀಸಿದರು.

ಚಂಬಣ್ಣನ ರೆಪ್ಪೆ ತಾನಾಗಿ ಮುಚ್ಚಿ ತೆರೆಯಿತು. ಕಣ್ಣಿಗೆ ತುಸು ತಂಪೆನಿಸಿತು. ಅವನಿಗೆ ನಾಚಿಕೆಯಾಯಿತು, ಸಮಾಧಾನವೂ ಆಯಿತು.

"ಅಂದ್ರ ನನ್ನ ಕಣ್ಣೀರು..."

"ಕೊಡದ ನೀರು," ಎಂದರು ಅಜ್ಜ. "ಕಣ್ಣು ಉರದು ಉರದು, ಗಾಬರಿಯಾಗಿ ಸುರುವಿಕೊಂಡದ್ದು. ಸಾರಣಿ ಅಲ್ಲ ಅದು."

ಅಂದಿನಿಂದ ಫ್ಯಾನು ಗೋಡೆಯ ಕಡೆಗೆ ತಿರುಗಿತು. ಡಾಕ್ಟರು ಹೇಳಿದ ಹೊತ್ತಿಗೆ ಹನಿ ಬಿತ್ತು. ಬೆಳಿಗ್ಗೆ ಸಂಜೆ ಫಕೀರವ್ವ ಅರಿವೆಯನ್ನು ಬಿಸಿನೀರಲ್ಲಿ ಅದ್ದಿ, ಹಿಂಡಿ, ತನ್ನ ಕೆನ್ನೆಗೆ ಒತ್ತಿ ಬಿಸಿ ಹದ ನೋಡಿ ಕೊಡುತ್ತಿದ್ದಳು.

"ಈ ಬಿಸಿ ಯಾಕಂತ?" ಎಂದು ಅವಳು ಒಂದು ದಿನ ಕೇಳಿದಳು.

"ರೆಪ್ಪಿ ಅಂಚಿನಾಗ ಎಣ್ಣಿ ಇರ್ತೈತಂತ. ಅದು ಹೆಪ್ಪುಗಟ್ಟಿದ್ರ ಕಣ್ಣಿನ ಪಸಿ ನಿಲ್ಲೂದಿಲ್ಲಂತ, ಲಗೂನ ಆರಿ ಹೋಗ್ತೈತಂತ."

"ಇಷ್ಟ ಹೌದಲ್ಲೋ! ಚಳಿಗಾಲದಾಗ ತುಪ್ಪದ ಗಡಗಿ ಒಲಿ ಮಗ್ಗಲ ಇಟ್ಟಂಗ," ಎಂದಳು ಫಕೀರವ್ವ. ಆಮೇಲೆ ದನಿ ತಗ್ಗಿಸಿದಳು. "ಎರಡು ಹನಿ ಹರಳೆಣ್ಣಿನೂ ಬಿಡ್ಲೇನು?"

"ಬ್ಯಾಡ ಬೇ! ಕಣ್ಣಾಗ ಡಾಕ್ಟರ್ ಕೊಟ್ಟಿದ್ದು ಬಿಟ್ಟು ಬ್ಯಾರೆ ಏನೂ ಹಾಕೂದಿಲ್ಲ."

ಉರಿ ಒಂದೇ ದಿನಕ್ಕೆ ಹೋಗಲಿಲ್ಲ. ವಾರಕ್ಕಿಷ್ಟು, ತಿಂಗಳಿಗಿಷ್ಟು ಇಳಿಯಿತು. ಮುದುಕಿ ಮತ್ತೆ ಬಂದಾಗ ಚಂಬಣ್ಣನ ಕೆನ್ನೆ ಒಣಗಿತ್ತು.

"ಭಕ್ತಿ ಕಮ್ಮಿ ಆತೇನಪ್ಪಾ?" ಎಂದು ಅವಳು ನೊಂದು ಕೇಳಿದಳು.

"ಭಕ್ತಿ ಅಲ್ಲ ಬೇ ಅದು, ಕಣ್ಣಿನ ಜಡ್ಡು," ಎಂದ ಚಂಬಣ್ಣ. ಹಾಗೆ ಹೇಳಿದ್ದಕ್ಕೆ ಅವನ ಮನಸ್ಸು ಹಗುರಾಯಿತು.

ಅಜ್ಜ ಗೂಡಿನಿಂದ ಗರಿಯ ಕಟ್ಟು ತೆಗೆದುಕೊಟ್ಟರು. ಮಳೆಗಾಲಕ್ಕೆ ಇನ್ನು ಒಂದೂವರೆ ತಿಂಗಳು.

ಚಂಬಣ್ಣ ಮೊದಲ ಗರಿಯಿಂದ ಹೊಸದಾಗಿ ಶುರುಮಾಡಿದ. 'ಅರೆ ತೊಲ' ಈಗ ಅರೆ ತೊಲವಾಗಿಯೇ ಕಂಡಿತು. ಎರಡು ಸಾಲು ಬರೆಯುವುದು, ತಲೆಯೆತ್ತಿ ಹೊಳೆಯ ಆಚೆ ದಡ ನೋಡುವುದು, ನಿಧಾನಕ್ಕೆ ರೆಪ್ಪೆ ಮುಚ್ಚಿ ತೆರೆಯುವುದು, ಮತ್ತೆ ಎರಡು ಸಾಲು. ಹೀಗೆ ಕೆಲಸ ಸಾಗಿತು.

ಆದರೂ ಒಂದು ಮುಳ್ಳು ಒಳಗೆ ಉಳಿದಿತ್ತು. ಒಂದು ಸಂಜೆ ಅಜ್ಜ ಹೊಳೆಯಿಂದ ಬರುವಾಗ ಅವನು ಎದ್ದು ನಿಂತ.

"ಅಜ್ಜಾರ, ಕೆಲಸ ಚಲೋ ನಡದೈತ್ರಿ. ಕಣ್ಣೂ ಆರಾಮ ಅದಾವು. ಆದ್ರ ನಿಮ್ಮ ಮಾತು ಮುರದೆ ಅನ್ನೂ ಸಂಕಟ ಹೋಗವಲ್ದು."

"ಅದಿರ್ಲಿ. ನಿನ್ನ ಬರವಣಿಗಿಯಾಗ ಒಂದು ತಪ್ಪೈತಿ," ಎಂದರು ಅಜ್ಜ.

ಚಂಬಣ್ಣ ನೋಟ್‌ಬುಕ್ಕಿಗೆ ಕೈಚಾಚಿದ. "ಮತ್ತ ತೊಲಿ ತಪ್ಪಿತೇನ್ರಿ?"

"ತೊಲಿ ಎಲ್ಲಾ ಸರಿ ಐತಿ." ಅಜ್ಜ ಒಂದು ಗರಿ ಎತ್ತಿ ಬೆಳಕಿಗೆ ಹಿಡಿದರು. ಎರಡೆರಡು ಸಾಲಿನ ಕೊನೆಗೆ ಕೂತಿದ್ದ ಸಣ್ಣ ಸೊನ್ನೆಗಳನ್ನು ಉಗುರಿನಿಂದ ಒಂದೊಂದಾಗಿ ತೋರಿಸಿದರು. "ಇವನ್ನ ಯಾಕ ಬಿಟ್ಟಿ?"

"ಅವು ಅಕ್ಷರ ಅಲ್ಲಲ್ರಿ. ಏನವು?"

ಅಜ್ಜ ಗರಿಯನ್ನು ಹಗುರಾಗಿ ಡೆಸ್ಕಿನ ಮೇಲಿಟ್ಟರು.

"ನನ್ನ ಗುರುಗಳು ರೆಪ್ಪಿ ಬಡಿದ ಜಾಗಾ. ಒಂದೂ ಬಿಡದಂಗ ಬರಿ."